ನರ್ಸಮ್ಮ ಹುಟ್ಟಿಸಿದ ಪದ್ಧತಿ

ಬೆಳಗಿನ ಐದೂ ಕಾಲಿಗೆ ನರ್ಸಮ್ಮ, ಸಾಲಾಗಿ ಮಲಗಿದ್ದ ನಮ್ಮ ಒಬ್ಬೊಬ್ಬರ ಕಂಕುಳಿಗೂ ಥರ್ಮಾಮೀಟರ್ ಇಡುತ್ತಾ ಬರುತ್ತಿದ್ದರು. ಚರ್ಚಿನಿಂದ ಎರಡು ವಾರದ ಸೇವೆಗೆಂದು ಪರದೇಶಕ್ಕೆ ಹೊರಡುವ ಪ್ರತಿ ತಂಡದಲ್ಲೂ ಇಂಥವರೊಬ್ಬರು ಇರುತ್ತಾರೆ: ನಿವೃತ್ತ ನರ್ಸ್, ಎಲ್ಲರಿಗೂ ಅಮ್ಮ, ಎಲ್ಲದಕ್ಕೂ ಹೆದರುವವರು. ನಮ್ಮವರು ಹಲ್ಲುಜ್ಜುವ ನೀರನ್ನೂ ಕುದಿಸುತ್ತಾರೆ; ಕುದಿಸಿದ್ದನ್ನು ಅನುಮಾನದಿಂದ ಇನ್ನೊಮ್ಮೆ ಕುದಿಸುತ್ತಾರೆ. “ದೇವರ ಮೇಲೆ ಭರವಸೆ ಇಲ್ವಾ ನರ್ಸಮ್ಮ?” ಎಂದು ಹುಡುಗರು ಕೆಣಕಿದರೆ, “ದೇವರ ಮೇಲಿದೆ ಮಗಾ, ಆ ಬಾವಿ ಮೇಲಿಲ್ಲ” ಎನ್ನುತ್ತಾರೆ. ಹಿಂದಿನ ವರ್ಷ ಇದೇ ಊರಿನ ಬಾವಿ ನೀರು ಕುಡಿದ ನಮ್ಮ ಹುಡುಗಿಯೊಬ್ಬಳು ಜ್ವರದಲ್ಲಿ ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಆದರೆ ಇಲ್ಲಿ ಯಾರದಾದರೂ ಮನೆಗೆ ಹೋದಾಗ ಅವರು ಕೊಟ್ಟ ನೀರನ್ನು ಪೂರ್ತಿ ಕುಡಿಯದಿದ್ದರೆ ಮನೆಯವರ ಮುಖ ಬಾಡುತ್ತದೆ, ಮಾತೇ ಮುಂದುವರಿಯುವುದಿಲ್ಲ. ಅದಕ್ಕೇ ನರ್ಸಮ್ಮ ಹೊಸ ಪದ್ಧತಿಯನ್ನೇ ಹುಟ್ಟಿಸಿದರು. “ನಮ್ಮ ಕಡೆ ಚಿಕ್ಕವರ ಪಾಲಿನ ನೀರೂ ಹಿರಿಯರೇ ಕುಡೀಬೇಕು, ಹಾಗಂತ ಹೇಳಪ್ಪಾ” ಎಂದು ದುಭಾಷಿಗೆ ಹೇಳಿ, ನಮ್ಮೆಲ್ಲರ ಲೋಟಗಳನ್ನೂ ಖಾಲಿ ಮಾಡುತ್ತಾರೆ. ಮನೆಯವರು ಮೆಚ್ಚಿ ಇನ್ನೊಂದು ಜಗ್ ತರುತ್ತಾರೆ. ಅದನ್ನೂ ಕಣ್ಣುಮುಚ್ಚಿ ಕುಡಿಯುತ್ತಾರೆ. ಭಾನುವಾರ ಮಂಡಿಯೂರಿ ಆ ಸುಳ್ಳಿಗೆ ಕ್ಷಮೆ ಕೇಳಿ, ಸೋಮವಾರ ಮತ್ತೆ ಅದನ್ನೇ ಹೇಳುತ್ತಾರೆ. ಆ ಬೆಳಿಗ್ಗೆ ನನ್ನ ಹಣೆ ಮುಟ್ಟಿದ ಅವರ ಅಂಗೈ ಸುಡುತ್ತಿತ್ತು. ಕೊನೆಗೆ ಗೋಡೆಯ ಕಡೆ ತಿರುಗಿ ಕೂತು ತಮ್ಮ ಜ್ವರವನ್ನೂ ಅಳೆದುಕೊಂಡರು. ಬಹಳ ಹೊತ್ತು ಅದನ್ನೇ ನೋಡಿದರು. “ನಿಮ್ದೆಷ್ಟು ನರ್ಸಮ್ಮ?” ಎಂದೆ. ಮೊದಲು ಥರ್ಮಾಮೀಟರನ್ನು ಜಾಡಿಸಿ ಪಾದರಸವನ್ನು ಪೂರ್ತಿ ಕೆಳಗಿಳಿಸಿದರು. ಆಮೇಲೆ ಹೇಳಿದರು: “ತೊಂಬತ್ತೆಂಟು ಪಾಯಿಂಟ್ ನಾಲ್ಕು.”