ಭೀಮಬಾಯಿ ಮಗಳನ್ನು ಗಟ್ಟಿ ಮಾಡಿದ್ದು

ಚಿತ್ತಾಪುರದ ಗಂಡುಹುಡುಗರ ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತಿದ್ದ ಭೀಮಬಾಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಹಾಸ್ಟೆಲ್ ಎಂದರೇನು ಅನ್ನುವುದನ್ನು ಯಾವ ಮಾಸ್ತರನೂ ಅವಳಿಗೆ ಕಲಿಸಬೇಕಾಗಿರಲಿಲ್ಲ. ಪ್ರತಿ ಜೂನ್‌ನಲ್ಲಿ ಕಾಳಗಿ ಕಡೆಯಿಂದ, ಸೇಡಂ ಕಡೆಯಿಂದ ಅಪ್ಪಂದಿರು ತಗಡಿನ ಟ್ರಂಕು ಹೆಗಲಿಗೇರಿಸಿಕೊಂಡು ಬಂದು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ದಸರೆ ಬರುವುದರೊಳಗೆ ಅರ್ಧ ಟ್ರಂಕುಗಳು ಬಂದ ದಾರಿಯಲ್ಲೇ ವಾಪಸು. ಮೊದಲು ಹುಡುಗನ ಸಾಬೂನು ಹೋಗುತ್ತಿತ್ತು, ಆಮೇಲೆ ಚಪ್ಪಲಿ, ಆಮೇಲೆ ತಾಟಿನೊಳಗಿನ ಅನ್ನ. ದೊಡ್ಡ ಹುಡುಗರು ಸಣ್ಣವರ ತಾಟಿಗೆ ಕೈ ಹಾಕಿದರೆ ವಾರ್ಡನ್ ಆ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದ. ಅತ್ತವನಿಗೆ ಅತ್ತಿದ್ದಕ್ಕೇ ಇನ್ನೆರಡು ಏಟು.

ಹಾಗೆ ಓಡಿಹೋದವರನ್ನು ಭೀಮಬಾಯಿ ಆಮೇಲೆ ನೋಡುತ್ತಿದ್ದಳು. ಲೆಕ್ಕದಲ್ಲಿ ಹುಲಿಯಂತಿದ್ದವನು ವಾಡಿಯಲ್ಲಿ ಸಿಮೆಂಟ್ ಚೀಲ ಹೊರುತ್ತಿದ್ದ. ಚೆಂದಾಗಿ ಪದ್ಯ ಹೇಳುತ್ತಿದ್ದವನು ದನ ಕಾಯುತ್ತಿದ್ದ. ಇಡೀ ಹಾಸ್ಟೆಲ್ಲಿನ ತಾಟು ಕಸಿದು ತಿಂದ ಬದ್ಮಾಶ್ ಒಬ್ಬ ಮಾತ್ರ ಹತ್ತನೆಯ ತನಕ ಉಳಿದು, ಮುಂದೆ ಓದಿ, ಸೇಡಂನಲ್ಲಿ ಬ್ಯಾಂಕಿನ ಫ್ಯಾನಿನ ಕೆಳಗೆ ಕೂತಿದ್ದ. ಇದನ್ನೆಲ್ಲ ನೋಡಿ ನೋಡಿ ಭೀಮಬಾಯಿಯ ತಲೆಯಲ್ಲಿ ಒಂದು ಮಾತು ಮೊಳೆ ಹೊಡೆದಂತೆ ಕೂತಿತ್ತು. ಹಾಸ್ಟೆಲಿನಲ್ಲಿ ಉಳಿಯುವುದು ಜಾಣ ಮಗುವಲ್ಲ, ಕಸಿಯುವ ಮಗು.

ಅವಳಿಗಿದ್ದವಳು ಒಬ್ಬಳೇ ಮಗಳು, ಲುಂಬಿನಿ. ಐದನೆಯ ಇಯತ್ತೆ. ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಅನ್ನುವಂಥ ಮೆತ್ತನೆಯ ಹುಡುಗಿ. ತನ್ನ ರೊಟ್ಟಿಯನ್ನು ನಾಯಿ ಎಳೆದುಕೊಂಡು ಹೋದರೂ, 'ಅದಕ್ಕೂ ಹಸಿವಾಗಿರ್ತದ' ಎಂದು ನೋಡುತ್ತ ನಿಲ್ಲುವವಳು. ಗಂಡ ಸೂರ್ಯಕಾಂತ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆಯುತ್ತಿದ್ದ. ಅಲ್ಲೇ ಉಳಿದು ರವಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ತೊಂಬತ್ತೆಂಟರ ದೀಪಾವಳಿಯ ಹೊತ್ತಿಗೆ, ಚಿಂಚೋಳಿಯ ಹತ್ತಿರ ಹೆಣ್ಣುಮಕ್ಕಳಿಗೆಂದು ಹೊಸದಾಗಿ ಒಂದು ವಸತಿ ಶಾಲೆ ಆಗಿದೆ, ಪರೀಕ್ಷೆ ಬರೆದು ಪಾಸಾದರೆ ಹತ್ತನೆಯ ತನಕ ಎಲ್ಲವೂ ಅಲ್ಲೇ ಎಂದು ಲುಂಬಿನಿಯ ಮಾಸ್ತರರು ಹೇಳಿದರು. ಹುಡುಗಿ ಪಾಸಾಗುತ್ತಾಳೆ ಅನ್ನುವುದರಲ್ಲಿ ಭೀಮಬಾಯಿಗೆ ಅನುಮಾನವಿರಲಿಲ್ಲ. ಅವಳು ಹೆದರಿದ್ದು ಬೇರೆಯದಕ್ಕೆ. ಈ ಮೆತ್ತನೆಯ ಹುಡುಗಿ ದಸರೆಯೊಳಗೆ ಟ್ರಂಕು ಹೊತ್ತುಕೊಂಡು ವಾಪಸು ಬಂದರೆ? ಬಂದವಳು ಅಪ್ಪನ ಹಿಂದೆ ಶಹಾಬಾದಿಗೆ ಹೋಗಿ ಕಲ್ಲಿನ ಧೂಳು ಕುಡಿಯಬೇಕು. ಊರಲ್ಲೇ ಇಟ್ಟು ಮುಂದೆ ಓದಿಸುವಷ್ಟು ರೊಕ್ಕ ಮನೆಯಲ್ಲಿಲ್ಲ, ಬೇರೆ ದಾರಿ ಇಲ್ಲ.

ಮರುದಿನದಿಂದಲೇ ಮನೆಯೊಳಗೆ ಹಾಸ್ಟೆಲ್ ಶುರುವಾಯಿತು.

ಮೊದಲು ಜಡೆ ಹೋಯಿತು. ಅಂಗಳದಲ್ಲಿ ಕೂರಿಸಿ ಕಚಕ್ ಕಚಕ್ ಎಂದು ಕತ್ತರಿಸುವಾಗ ಬಾಜೂ ಮನೆಯ ಕಮರುನ್ನೀಸಾ ಬಾಗಿಲಿಗೆ ಬಂದಳು.

"ಯಾ ಅಲ್ಲಾ! ಅಗ ಭೀಮಕ್ಕ, ಹುಡುಗಿನ್ನ ಸಾಲಿಗಿ ಕಳಸ್ತೀಯೋ ಜೇಲಿಗಿ ಕಳಸ್ತೀಯೋ?"

"ಎರಡೂ ಒಂದೇ ತಗೋ ಕಮರೂ. ಜೇಲಿನ್ಯಾಗ ಜರಾ ಅನ್ನ ಛಲೋ ಇರ್ತದಂತ."

ಆಮೇಲೆ ಊಟ. ಭೀಮಬಾಯಿ ಒಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿ ಬೇಯಿಸಿ ತೆಗೆಯುವುದರೊಳಗೆ ಲುಂಬಿನಿ ಉಂಡು ಏಳಬೇಕು. ಉಳಿದರೆ ತಾಟು ಮೇಕೆಯ ಮುಂದೆ. ಅಕ್ಕಿಯೊಳಗಿನ ಕಲ್ಲು ಆರಿಸುವುದನ್ನು ಬಿಟ್ಟಳು, ಹಲ್ಲಿಗೆ ರೂಢಿಯಾಗಲಿ ಎಂದು. ಬ್ಯಾಳಿಗೆ ನೀರು ಸುರಿದಳು. ಚಳಿಗಾಲದ ಬೆಳಗ್ಗೆ ಬೋರಿನ ತಣ್ಣೀರು ತಲೆಯ ಮೇಲೆ ಹೊಯ್ದಳು. ತಾನೇ ಮಗಳ ಸಾಬೂನು ಬಚ್ಚಿಟ್ಟು, "ಎಲ್ಲಿ ಹ್ವಾತು ಸಾಬೂನು? ನಿನ್ ಸಾಮಾನು ನಿನಗ ಕಾಯಾಕ ಬರಾಂಗಿಲ್ಲ?" ಎಂದು ತಾನೇ ಬಾರಿಸಿದಳು. ಹುಡುಗಿ ಮನೆಯೆಲ್ಲ ಹುಡುಕಿ, ಬಿಕ್ಕಿ, ಮತ್ತೆ ಹುಡುಕುತ್ತಿದ್ದಳು. ಸಾಬೂನು ಅವ್ವನ ಸೊಂಟದಲ್ಲೇ ಇರುತ್ತಿತ್ತು.

ಎಲ್ಲಕ್ಕಿಂತ ಕಠಿಣವಾಗಿದ್ದುದು ಕಸಿಯುವ ಪಾಠ. ಭೀಮಬಾಯಿ ತಾನೇ ದೊಡ್ಡ ಹುಡುಗಿಯಾಗಿ ಮಗಳ ತಾಟಿಗೆ ಕೈ ಹಾಕುತ್ತಿದ್ದಳು.

"ಏನ್ ನೋಡ್ಲಿಕತ್ತಿ? ನಿನ್ ಅನ್ನ ಹೊಂಟದ. ಕಚ್ಚು!"

"ಯವ್ವಾ, ನೀ ಅಲಾ..."

"ನಾ ಈಗ ನಿಮ್ಮವ್ವ ಅಲ್ಲ. ಕಚ್ಚಂದ್ರ ಕಚ್ಚು!"

ಲುಂಬಿನಿ ಕಚ್ಚಲಿಲ್ಲ. ಅವತ್ತು ಉಪವಾಸ ಮಲಗಿದಳು. ಮರುದಿನವೂ ಕಚ್ಚಲಿಲ್ಲ, ಮರುದಿನವೂ ಉಪವಾಸ. ಆಮೇಲೊಂದು ದಿನ ತಾಟಿನ ಹತ್ತಿರ ಬಂದ ಕೈಯನ್ನು ಹಿಡಿದು ಕಚ್ಚಿದಳು ನೋಡು, ಮಣಿಕಟ್ಟಿನಿಂದ ರಕ್ತ ಸುರಿದು ಅನ್ನದ ಮೇಲೆ ಬಿತ್ತು. ಭೀಮಬಾಯಿಗೆ ನೋವಿಗಿಂತ ಖುಷಿಯೇ ಹೆಚ್ಚಾಯಿತು. "ಹಾಂ! ಇಕಿ ನನ್ ಮಗಳು!" ಎಂದು ರಕ್ತದ ಕೈಯಲ್ಲೇ ಅವಳ ಬಾಯಿಗೆ ಶೇಂಗಾ ಬೆಲ್ಲ ಹಾಕಿದಳು. ಅಲ್ಲಿಂದ ಜೂನ್ ತನಕ ಈ ಪಾಠ ತಪ್ಪಲಿಲ್ಲ.

ಹೊಡೆತಕ್ಕೂ ಅದೇ ಕಾಯಿದೆ. ಕಪಾಳಕ್ಕೆ ಏಟು ಬಿದ್ದಾಗ ಕಣ್ಣಲ್ಲಿ ನೀರು ಬಂದರೆ ಇನ್ನೊಂದು ಏಟು. ಬರದಿದ್ದರೆ ಬೆಲ್ಲ. ಒಂದು ರವಿವಾರ ಇದನ್ನು ಕಣ್ಣಾರೆ ಕಂಡ ಸೂರ್ಯಕಾಂತನಿಗೆ ತಲೆ ಕೆಟ್ಟಿತು.

"ಏ ಹುಚ್ಚಿ! ಕಲ್ಲಿಗೂ ನಾವು ಹಿಂಗ ಹೊಡ್ಯಾಂಗಿಲ್ಲ. ಪದರ ನೋಡಿ ಹೊಡಿತೀವಿ. ಒಂದು ಏಟು ತಪ್ಪಿದ್ರ ಇಡೀ ಫರ್ಸಿ ಹ್ವಾತು."

"ನಿನ್ನ ಕಲ್ಲಿನ ಶ್ಯಾಣ್ಯಾತನ ಅಲ್ಲೇ ಖಣಿಯಾಗ ಇಟ್ಟು ಬಾ."

"ಕೂಸದಲೇ ಅದು!"

"ಕೂಸು ಅಂತ ಅಲ್ಲಿ ಯಾರು ಕೊಳ್ಳಾಗ ಹಾಕ್ಕೊಂಡು ತಿರಗ್ತಾರ? ನೀ ಬಂದು ವಾರಕ್ಕೊಮ್ಮೆ ಬಾಳಿಹಣ್ಣು ಕೊಟ್ಟು ಒಳ್ಳೆಯವ ಆಗಿ ಹೋಗ್ತಿ. ನಾಳೆ ಆಕಿ ಓಡಿ ಬಂದ್ರ ನಿನ್ನ ಬಾಳಿಹಣ್ಣು ಸಾಲಿ ಕಲಿಸ್ತದೇನು?"

ಸೂರ್ಯಕಾಂತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಹಾಸ್ಟೆಲ್ಲು ಕಂಡವಳು ಅವಳು, ತಾನು ಕಂಡಿದ್ದು ಖಣಿ. ಅವನು ಅವತ್ತು ಹಟ ಹಿಡಿದಿದ್ದರೆ ಛಲೋ ಇತ್ತು.

ಜೂನ್‌ನಲ್ಲಿ ಭೀಮಬಾಯಿ, ಪರೀಕ್ಷೆ ಪಾಸಾದ ಮಗಳನ್ನು ಕರೆದುಕೊಂಡು ಕಾಳಗಿಯಲ್ಲಿ ಬಸ್ಸು ಬದಲಿಸಿ ಚಿಂಚೋಳಿಗೆ ಹೋದಳು. ಹೊಸ ಶಾಲೆ, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮಂಚ. ವಾರ್ಡನ್ ಶಿವಕಾಂತಮ್ಮ ತಾನೇ ಹುಡುಗಿಯರ ಸಾಲಿನಲ್ಲಿ ಕೂತು ಉಣ್ಣುತ್ತ, "ಇನ್ನಷ್ಟು ಹಾಕ್ಸ್ಕೋವಾ, ನಾಚ್ಕೊಬ್ಯಾಡ" ಎಂದು ಎಲ್ಲರ ತಾಟು ನೋಡುತ್ತಿದ್ದಳು. ಭೀಮಬಾಯಿ ಅದನ್ನೆಲ್ಲ ನೋಡಿದಳು, ಒಂದನ್ನೂ ನಂಬಲಿಲ್ಲ. ಮೊದಲ ದಿನ ಅವಳ ಹಾಸ್ಟೆಲಿನಲ್ಲೂ ಸಿಹಿ ಶಿರಾ ಆಗುತ್ತಿತ್ತು, ವಾರ್ಡನ್ ಹುಡುಗರ ತಲೆ ಸವರುತ್ತಿದ್ದ. ಗೇಟಿನ ಹತ್ತಿರ ಮಗಳ ಕಿವಿ ಹಿಡಿದು ಹೇಳಿದಳು:

"ಇದೆಲ್ಲಾ ತೋರಿಸ್ಲಿಕ್ಕೆ ಮಾಡ್ಯಾರ. ನಾಳೆ ಶುರು ಆಗ್ತದ. ಯಾರ ಕೈ ತಾಟಿಗಿ ಬಂದ್ರೂ ಏನು ಮಾಡ್ಬೇಕು?"

"ಕಚ್ಚಬೇಕು."

"ಹೊಡದ್ರ?"

"ಅಳಬಾರ್ದು."

"ಶ್ಯಾಣಿ."

ಜುಲೈ ಹೋಯಿತು, ಆಗಸ್ಟ್ ಹೋಯಿತು. ಹುಡುಗಿ ಓಡಿ ಬರಲಿಲ್ಲ. ಭೀಮಬಾಯಿ ಕಮರುನ್ನೀಸಾಳ ಮುಂದೆ ಕುಣಿದಳು. "ಜೇಲು ಅಂದಿದ್ದಿ ಅಲಾ, ನೋಡೀಗ! ನನ್ ಮಗಳು ಮೊಳೆ ಹೊಡದಂಗ ಕುಂತಾಳ."

ದಸರೆಯ ಸೂಟಿ ಇನ್ನೇನು ಬರಬೇಕು, ಅಷ್ಟರಲ್ಲಿ ಹಾಸ್ಟೆಲ್ಲಿನ ಫೋನಿಗೆ ಚಿಂಚೋಳಿಯಿಂದ ಕರೆ ಬಂತು, ಲುಂಬಿನಿಯ ತಾಯಿ ತಕ್ಷಣ ಬರಬೇಕು ಎಂದು.

ಶಿವಕಾಂತಮ್ಮನ ಕೋಣೆಯಲ್ಲಿ ಸೇಡಂನ ಒಬ್ಬ ಮಾಸ್ತರರು, ಆನಂದತೀರ್ಥರು, ಕೂತಿದ್ದರು. ಅವರ ಮಗಳು ವೃಂದಾ ಅವರಿಗೆ ಒತ್ತಿಕೊಂಡು ನಿಂತಿದ್ದಳು. ಬಲಗೈ ತುಂಬ ಬ್ಯಾಂಡೇಜು. ನೆಲದ ಮೇಲೆ ಲುಂಬಿನಿಯ ಟ್ರಂಕು ಬಾಯಿ ತೆರೆದಿತ್ತು. ಒಳಗೆ ಇಪ್ಪತ್ತೋ ಮೂವತ್ತೋ ಸಾಬೂನು, ಬೇರೆ ಹುಡುಗಿಯರ ಚಪ್ಪಲಿ, ಒಣಗಿ ಕಟ್ಟಿಗೆಯಾದ ಚಪಾತಿ. ಲುಂಬಿನಿ ಗೋಡೆಯ ಹತ್ತಿರ ನೆಟ್ಟಗೆ ನಿಂತಿದ್ದಳು.

"ಕೇಳಿದ್ರ ನಾವೇ ಕೊಡ್ತಿದ್ವಿ ಸಾಬೂನು," ಎಂದಳು ಶಿವಕಾಂತಮ್ಮ. "ಅದನ್ನೂ ಹೊಟ್ಟ್ಯಾಗ ಹಾಕ್ಕೊಂಡೆ, ಸಣ್ಣ ಹುಡುಗಿ ಅಂತ. ಮೊನ್ನೆ ಈ ವೃಂದಾಗ ಮನಿಂದ ಬೇಸನ್ ಉಂಡಿ ಬಂದಿದ್ವು. ನಿನ್ ಮಗಳು ಒಬ್ಬಾಕಿನೇ ಕುಂದ್ರತಾಳಂತ, ಪಾಪ, ತನ್ನ ಪಾಲಿಂದು ಒಂದು ಉಂಡಿ ಇಕಿ ತಾಟಿಗಿ ಹಾಕ್ಲಿಕ್ಕೆ ಕೈ ಚಾಚ್ಯಾಳ. ನಿನ್ ಮಗಳು ಆ ಕೈ ಹಿಡದು ಕಚ್ಯಾಳ. ಬಿಡಿಸ್ಲಿಕ್ಕೆ ಇಬ್ಬರು ಬೇಕಾದ್ರು. ಹೊಲಿಗಿ ಹಾಕ್ಯಾರ, ಈಗ ಕೀವೂ ಆಗ್ಯದ. ಈ ಕೈಲೆ ಕೂಸು ಯಾವಾಗ ಬರೀತದೋ ಏನೋ."

ಉಂಡಿ ಕೊಡುವ ಕೈ ಭೀಮಬಾಯಿಯ ಪಾಠದಲ್ಲಿ ಇರಲೇ ಇಲ್ಲ.

ಆನಂದತೀರ್ಥರು ಕೆಟ್ಟವರಲ್ಲ. "ನಾನೂ ಮಾಸ್ತರನೇ, ಬಾಯಿ," ಎಂದರು. "ಮಕ್ಕಳ ಕೈಲೆ ಏನೇನು ಆಗ್ತದ ನನಗೂ ಗೊತ್ತದ. ಸಾಲಿ ಬಿಡಸ್ರಿ ಅಂತ ಹೇಳ್ಲಿಕ್ಕೆ ಬಂದಿಲ್ಲ. ತಪ್ಪಾಯ್ತು ಅಂತ ಆಕಿ ಮನಸ್ಸಿಗಿ ಅನಸಿದ್ರ ಸಾಕು. ಎರಡು ದಿನದಿಂದ ಕೇಳ್ಲಿಕತ್ತೇವಿ, ಬಾಯೇ ಬಿಡವಲ್ಲಳು."

ಅಷ್ಟೇನಾ! ಎಂದುಕೊಂಡಳು ಭೀಮಬಾಯಿ. ಹುಡುಗಿ ಒಂದು ಹನಿ ಕಣ್ಣೀರು ಹಾಕಿದರೆ ಸಾಲಿ ಉಳಿಯುತ್ತದೆ. ಕಣ್ಣೀರು ತರಿಸುವುದು ಯಾವ ದೊಡ್ಡ ಕೆಲಸ? ನೆಟ್ಟಗೆ ಹೋಗಿ ಮಗಳ ಕಪಾಳಕ್ಕೆ ಬಾರಿಸಿದಳು.

ಲುಂಬಿನಿ ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ಗಲ್ಲ ಎತ್ತಿ ನಿಂತಳು.

ಇನ್ನೊಂದು ಬಿತ್ತು. ಮತ್ತೊಂದು. ತುಟಿ ಒಡೆಯಿತು.

"ಅಳು! ಅಳಲೇ! ತಪ್ಪಾಯ್ತು ಅನ್ನು, ಅಳು!"

ಹುಡುಗಿ ಅವ್ವನ ಕಣ್ಣನ್ನೇ ನೋಡುತ್ತಿದ್ದಳು. ಹಿಂದೆಲ್ಲ ಅವ್ವ ಹೀಗೇ ಕೂಗಿ, ಹೀಗೇ ಹೆದರಿಸಿ, ಕೊನೆಗೆ ಬಾಯಿಗೆ ಬೆಲ್ಲ ಹಾಕುತ್ತಿದ್ದಳಲ್ಲ. ಇಷ್ಟು ಮಂದಿಯ ಎದುರು ಪರೀಕ್ಷೆ ಮಾಡುತ್ತಿದ್ದಾಳೆ, ಸೋಲಬಾರದು. ಒಡೆದ ತುಟಿಯಲ್ಲೇ ಲುಂಬಿನಿ ಸಣ್ಣಗೆ ನಕ್ಕಳು.

ಆನಂದತೀರ್ಥರು ಕುರ್ಚಿಯಿಂದ ಎದ್ದುಬಿಟ್ಟರು. "ಬಿಡ್ರಿ, ಬಿಡ್ರಿ ಬಾಯಿ! ನಗ್ಲಿಕತ್ತಾಳ ಆಕಿ! ಮೇಡಂ, ಈ ಹುಡುಗಿ ಬಾಜುಕ್ಕ ನನ್ನ ಮಗಳನ್ನ ನಾ ಮಲಗಸಾಂಗಿಲ್ಲ. ಆಕಿ ಇರಬೇಕು, ಇಲ್ಲಾ ನನ್ನ ಮಗಳು ಇರಬೇಕು."

ಭೀಮಬಾಯಿ ಶಿವಕಾಂತಮ್ಮನ ಕಾಲಿಗೆ ಬಿದ್ದಳು. "ಆಕಿದು ತಪ್ಪಿಲ್ರಿ ಮೇಡಂ. ನಾನೇ ಕಲಿಸೀನ್ರಿ. ಅಳಬ್ಯಾಡ ಅಂದಾಕಿ ನಾ, ಕಚ್ಚು ಅಂದಾಕಿ ನಾ. ಖರೇ ಹೇಳ್ತೀನ್ರಿ."

ಶಿವಕಾಂತಮ್ಮನ ಕಣ್ಣು ತುಂಬಿ ಬಂದವು. ಅವಳನ್ನು ಎಬ್ಬಿಸಿ, "ಏಳವಾ ತಾಯಿ," ಎಂದಳು. "ಹೆತ್ತ ಕರುಳು ಹಿಂಗೇ. ಮಕ್ಕಳ ತಪ್ಪೆಲ್ಲ ತನ್ನ ಉಡಿಯಾಗ ಹಾಕ್ಕೋತದ. ಯಾವ ತಾಯಿ ಕೂಸಿಗಿ ಕಚ್ಚು ಅಂತ ಕಲಿಸ್ತಾಳ?"

"ನೋಡ್ರಿ ಹಂಗಾರ!" ಎಂದು ಭೀಮಬಾಯಿ ಸೆರಗು ಸರಿಸಿ ಮುಂಗೈ ಚಾಚಿದಳು. ಮಣಿಕಟ್ಟಿನಿಂದ ಮೊಣಕೈ ತನಕ ಹಲ್ಲಿನ ಗುರುತು, ಒಂದರ ಮೇಲೊಂದು. "ನೋಡ್ರಿ, ನನ್ನ ಕೈಗೇ ಕಚ್ಚಿಸಿ ಕಲಿಸೀನಿ!"

ಶಿವಕಾಂತಮ್ಮ ಆ ಕೈ ನೋಡಿದಳು, ಆಮೇಲೆ ಗೋಡೆಯ ಹತ್ತಿರ ನಿಂತ ಹುಡುಗಿಯನ್ನು ನೋಡಿದಳು. ಕರುಣೆ ಮುಖದಿಂದ ಇಳಿದು ಹೋಯಿತು.

"ಹೆತ್ತವ್ವಗೂ ಬಿಟ್ಟಿಲ್ಲಲ್ಲೇ ನೀ," ಎಂದಳು. ಆಮೇಲೆ ಭೀಮಬಾಯಿಯ ಕಡೆ ತಿರುಗಿ, "ಇಂದೇ ಕರ್ಕೊಂಡು ಹೋಗು. ನೂರು ಮಕ್ಕಳು ಅವ ಇಲ್ಲಿ."

ಕಾಳಗಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಲುಂಬಿನಿ ತಾಯಿಯ ಮುಖ ನೋಡಿ ಮೆಲ್ಲಗೆ ಕೇಳಿದಳು, "ಯವ್ವಾ, ಪಾಸಾದ್ನಾ?"

ಭೀಮಬಾಯಿ ಸೆರಗು ಬಾಯಿಗೆ ತುರುಕಿಕೊಂಡಳು.

ಆ ರವಿವಾರ ಸೂರ್ಯಕಾಂತ ಬಂದ. ಇಡೀ ಸುದ್ದಿಯನ್ನು ನಿಂತುಕೊಂಡೇ ಕೇಳಿದ. ಹೆಂಡತಿಯ ಮೇಲೆ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಮಗಳ ಬಟ್ಟೆಗಳನ್ನು ಗಂಟು ಕಟ್ಟಿದ.

"ನೀ ಕಲಿಸಿದ್ದು ಸಾಕು," ಎಂದ. "ಇನ್ನ ಆಕಿ ನನ್ನ ಹಂತ್ಯಾಕ ಇರ್ತಾಳ."

ಯಾವ ಧೂಳಿಗೆ ಹೆದರಿ ಭೀಮಬಾಯಿ ಇಷ್ಟೆಲ್ಲ ಮಾಡಿದ್ದಳೋ ಅದೇ ಧೂಳಿಗೆ ಮಗಳು ಹೋದಳು. ಮೊದಲು ಪಾಲಿಶ್ ಮಷೀನಿನ ಕೆಳಗಿನ ಕಲ್ಲಿಗೆ ನೀರು ಹಾಕುತ್ತಿದ್ದಳು, ದೊಡ್ಡವಳಾದ ಮೇಲೆ ಮಷೀನನ್ನೇ ಹಿಡಿದಳು. ಶಹಾಬಾದಿನ ಆ ಶೆಡ್ಡಿನಲ್ಲಿ ಅವಳ ಕೂಲಿ ಮುರಿದುಕೊಳ್ಳುವ ಧೈರ್ಯ ಮಾಲಕನಿಗೂ ಇಲ್ಲ, ಅವಳ ಬಾಜೂ ಕೂತು ಬುತ್ತಿ ಬಿಚ್ಚುವ ಮನಸ್ಸು ಹೆಂಗಸರಿಗೂ ಇಲ್ಲ. ಭೀಮಬಾಯಿ ಆಗಾಗ ಹೋಗುತ್ತಾಳೆ. ಲುಂಬಿನಿ ಚಹಾ ಮಾಡಿಕೊಡುತ್ತಾಳೆ, ಕಮರುನ್ನೀಸಾ ಹೇಗಿದ್ದಾಳೆ ಎಂದು ಕೇಳುತ್ತಾಳೆ. ಇವತ್ತೊಂದು ರಾತ್ರಿ ಇರು ಎಂದು ಮಾತ್ರ ಅನ್ನುವುದಿಲ್ಲ. ಭೀಮಬಾಯಿಯೂ ಕೇಳುವುದಿಲ್ಲ. ಬೆಳಗಾದರೆ ಹಾಸ್ಟೆಲಿನ ಒಲೆ ಹಚ್ಚಬೇಕು, ಸಂಜೆಯ ಬಸ್ಸಿಗೆ ಹೊರಡುತ್ತಾಳೆ.