ಪಾಸ್‌ಬುಕ್ಕಿನ ಹೆಸರು, ಯಾರದೋ ಕೆನ್ನೆ

ರುಕ್ಮಿಣಮ್ಮ ಕಲ್ಲುಬೆಂಚು ಒರೆಸುತ್ತಾರೆ. ನಿನ್ನೆ ಚೆಲ್ಲಿದ ಹಾಲು ಒಣಗಿ ಅಂಟಿದೆ. ಉಗುರಿನಿಂದ ಕೆರೆದು ಮತ್ತೆ ಒದ್ದೆ ಬಟ್ಟೆ ಆಡಿಸುತ್ತಾರೆ. ಸೂಲಿಬೆಲೆ ಹತ್ತಿರದ ಈ ಹಾಲಿನ ಡೇರಿಯಲ್ಲಿ ಇನ್ನೂ ಬೆಳಗಿನ ಆರು ಗಂಟೆ. ಕಾಫಿ ಕುಡಿಯುವ ಮೊದಲೇ ಜನ ಸಿಗುವ ಜಾಗ ಇದೊಂದೇ. ರುಕ್ಮಿಣಮ್ಮ ಪರೀಕ್ಷೆಗೆಂದು ಕೊಡುವ ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯೊಳಗೆ ಉಜ್ಜುವಾಗ ಬಾಯಿ ಶುದ್ಧವಾಗಿರಬೇಕು.

“ಏನಕ್ಕಾ, ಇವತ್ ಯಾರ ಕೆನ್ನೆ ಕೆರೀತೀಯ?” ಕ್ಯಾನ್ ಇಳಿಸುತ್ತಾ ಬೈರಪ್ಪ ರೇಗಿಸುತ್ತಾರೆ.

“ನಿಂದಂತೂ ಬೇಡಪ್ಪ. ಬರೀ ಎಲೆಅಡಿಕೆ ಸಿಗ್ತೈತೆ.”

ರಕ್ತದ ಕ್ಯಾನ್ಸರ್ ಆದವರಿಗೆ ಅಸ್ಥಿಮಜ್ಜೆ ಕೊಡಬಲ್ಲವರನ್ನು ಹುಡುಕುವ ಸಂಸ್ಥೆಯೊಂದಕ್ಕೆ ರುಕ್ಮಿಣಮ್ಮ ನಾಲ್ಕು ವರ್ಷದಿಂದ ದುಡಿಯುತ್ತಿದ್ದಾರೆ. ಅವರ ಮಗ ಅಂಜನ್‌ಗೆ ಅದೇ ಕಾಯಿಲೆ ಬಂದಾಗ ಹೊಂದುವವರು ಸಿಗಲಿಲ್ಲ. ಅವನ ಸ್ವಂತ ಅಕ್ಕನದೂ ಹೊಂದಲಿಲ್ಲ.

“ಮೈಯ ಒಂದೊಂದ್ ಕಣಕ್ಕೂ ಕೈ ಇದ್ದಂಗೆ ಏನೋ ಐತಂತೆ. ಒಳಗೇನೈತೆ ಅಂತ ಎತ್ತಿ ತೋರಿಸ್ತೈತೆ. ಕಾವಲು ಕಾಯೋ ಕಣ ಅದನ್ನ ನೋಡಿ ನಮ್ದು, ನಮ್ದಲ್ಲ ಅಂತ ತೀರ್ಮಾನ ಮಾಡ್ತದೆ. ಆ ಕೈ ಒಬ್ಬರದಿದ್ದಂಗೆ ಇನ್ನೊಬ್ಬರದು ಇರೋದು ಅಪರೂಪ,” ಎಂದು ರುಕ್ಮಿಣಮ್ಮ ಬಂದವರಿಗೆ ವಿವರಿಸುತ್ತಾರೆ.

ವೈದ್ಯರು ಅದನ್ನು ಎಚ್‌ಎಲ್‌ಎ ಎನ್ನುತ್ತಾರೆ. ಅರ್ಧ ತಾಯಿಯಿಂದ ಬರುತ್ತದೆ, ಅರ್ಧ ತಂದೆಯಿಂದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ರುಕ್ಮಿಣಮ್ಮ ಇದುವರೆಗೆ ಮೂರು ಸಾವಿರ ಜನರ ಕಡ್ಡಿ ಕಳಿಸಿದ್ದಾರೆ. ಹೊಂದಿದ್ದು ಒಂದೇ ಒಂದು, ಇದೇ ಡೇರಿಗೆ ಹಾಲು ಹಾಕುವ ಕಾಂತರಾಜು ಹೆಸರಿನದು. ಅದಕ್ಕಾಗಿ ಕಾಯುತ್ತಿರುವುದು ಒಂಬತ್ತು ವರ್ಷದ ಹುಡುಗಿ. ಅವಳ ಹೆಸರನ್ನು ಸಂಸ್ಥೆಯವರು ರುಕ್ಮಿಣಮ್ಮನಿಗೂ ಹೇಳುವುದಿಲ್ಲ.

ಹೋದ ತಿಂಗಳು ಖಚಿತಪಡಿಸಿಕೊಳ್ಳುವ ಪರೀಕ್ಷೆಗೆ ಕಾಂತರಾಜು ರಕ್ತ ಕೊಟ್ಟರು. ಅರ್ಧ ಮಾತ್ರ ಹೊಂದಿತು. ಅಂದರೆ ಎರಡು ವರ್ಷದ ಹಿಂದೆ ಕಡ್ಡಿ ಉಜ್ಜಿದ್ದು ಅವರಲ್ಲ, ಅದೇ ಮನೆಯ ಬೇರೆ ಯಾರೋ, ಬಹುಶಃ ತಮ್ಮಂದಿರಲ್ಲೊಬ್ಬರು. ಇಲ್ಲಿ ಹಾಲಿನ ಲೆಕ್ಕದ ಪಾಸ್‌ಬುಕ್ ಒಬ್ಬರ ಹೆಸರಲ್ಲಿರುತ್ತದೆ, ಹಾಲು ಮನೆಯವರಲ್ಲಿ ಯಾರು ಬೇಕಾದರೂ ಹಾಕುತ್ತಾರೆ. ಕಡ್ಡಿಯೂ ಹಾಗೇ ಆಗಿದೆ.

“ತಪ್ಪು ನಂದೂ ಐತೆ. ಪಾಸ್‌ಬುಕ್ ನೋಡ್ಕೊಂಡು ಚೀಟಿ ಅಂಟಿಸ್ದೆ. ಮುಖ ನೋಡ್ಲಿಲ್ಲ.”

ಕಾಂತರಾಜುವಿನ ಮೂವರು ತಮ್ಮಂದಿರು ಹಾಲಿನ ಸಾಲಿನಲ್ಲಿದ್ದಾರೆ. ತಾಯಿ ಅಮ್ಮಯಮ್ಮ ಅವರ ಮುಂದೆ ನಿಂತಿದ್ದಾರೆ. “ಮೂಳೆ ಒಳಗಿಂದ ತೆಗೀತಾರಂತೆ. ಆಮೇಲೆ ನೊಗ ಎತ್ತಕ್ಕಾಯ್ತದಾ? ನಮ್ ಹುಡುಗ್ರು ಯಾರೂ ಕೊಟ್ಟಿಲ್ಲ, ಹೋಗು.”

ತೆಗೆದದ್ದು ಕೆಲವೇ ವಾರದಲ್ಲಿ ಮೈಯಲ್ಲಿ ಮತ್ತೆ ಬೆಳೆಯುತ್ತದೆ ಎಂದು ರುಕ್ಮಿಣಮ್ಮ ಇವರ ಮನೆಗೆ ಐದು ಸಲ ಹೋಗಿ ಹೇಳಿದ್ದಾರೆ. ಹುಡುಗಿಗೆ ಹೆಚ್ಚು ದಿನವಿಲ್ಲ ಎಂದು ನಿನ್ನೆ ಫೋನು ಬಂದಿದೆ.

ಅವರು ಒರೆಸಿದ ಬೆಂಚಿನ ಮೇಲೆ ಕಡ್ಡಿಯಿರುವ ಮೂರು ಹೊಸ ಲಕೋಟೆ ಇಡುತ್ತಾರೆ.

“ಅವತ್ ಉಜ್ಜಿದ್ದು ಯಾರು ಅಂತ ಹೇಳೋದೂ ಬೇಡ. ಮೂರು ಜನಾನೂ ಇನ್ನೊಂದ್ಸಲ ಉಜ್ಜಿಕೊಡ್ರಪ್ಪ.”

ಸಾಲು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕ್ಯಾನಿನಿಂದ ಕ್ಯಾನಿಗೆ ಹಾಲು ಸುರಿಯುವ ಸದ್ದು.