ರೊಟ್ಟಿ ಕಾಯುವವನು

ಹ್ಯೂಸ್ಟನ್ನಿನ ಹಡಗುಕಾಲುವೆಯ ದಂಡೆಯಲ್ಲಿದ್ದ ವೆಲ್ಡಿಂಗ್ ಯಾರ್ಡಿನಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲೊಮ್ಮೆ, ನನ್ನ ಎಡಗಿವಿಯ ಮೇಲೆ ಪೈಪ್ ರೆಂಚಿನ ಏಟು ಬಿತ್ತು. ಹೊಡೆದವನು ಪಕ್ಕದ ತಂಡದ ವೆಲ್ಡರ್. ನಾನು ಎಳೆದುಕೊಂಡ ಕೇಬಲ್ ತನ್ನದೆಂಬುದು ಅವನ ವಾದ. ನಾನು ನೆಲಕ್ಕುರುಳಿದ ಮೇಲೂ ಅವನ ಬೂಟು ನನ್ನ ಪಕ್ಕೆಲುಬುಗಳನ್ನು ಬಿಡಲಿಲ್ಲ. ಬಾಯೊಳಗೆ ರಕ್ತ ಮತ್ತು ಕಬ್ಬಿಣದ ಪುಡಿ ಎರಡೂ ಕಲೆತಿದ್ದವು. ನನ್ನ ತಂಡದ ಫೋರ್‌ಮನ್ ಮತ್ತು ಅವನ ಆಳುಗಳು ಕೂಗಳತೆಗೂ ಹತ್ತಿರದಲ್ಲಿ, ಟ್ರಕ್ಕಿನ ಹಿಂಬದಿಯಲ್ಲಿ ಕುಳಿತು ನೋಡುತ್ತಿದ್ದರು. ಒಬ್ಬನೂ ಕೆಳಗಿಳಿಯಲಿಲ್ಲ.

ಆ ಕಾಲದಲ್ಲಿ ನಾನು ಇಂಗ್ಲಿಷಿನ ಅರಸೊತ್ತಿಗೆಯ ಪದಗಳ ಬೆನ್ನು ಹತ್ತಿದ್ದೆ. ನನ್ನ ಶಾಲೆ ಗದಗಿನ ಕಡೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆಗೆ ಮುಗಿದಿತ್ತು. ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿ ಬಂದು, ಈ ಬಂದರಿನಲ್ಲಿ ಇಳಿದು, ವೆಲ್ಡರ್ ಆದವನು ನಾನು. ಆಸ್ಟಿನ್ನಿನ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ, ರಟ್ಟು ಕಿತ್ತ ನಿಘಂಟೊಂದೇ ನನ್ನ ಗುರು. ಆ ಗುರುವನ್ನೂ ನಾನು ಪೂರ್ತಿ ನಂಬಿದವನಲ್ಲ.

ಅಂಗಡಿ ತೋರಿಸಿದವರು ಅಲ್ಲಿಯೇ ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆ ನಡೆಸಿದ್ದ ಮೈಸೂರಿನ ಗೆಳೆಯರೊಬ್ಬರು. ರೆಂಚಿನ ಏಟಿಗೆ ಕೆಲವು ವಾರಗಳ ಹಿಂದೆ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದರು.

"ನೋಡಿ, ರಾಯಲ್, ಕ್ರೌನ್ ಇವೆಲ್ಲ ಫ್ರೆಂಚರು ಇಂಗ್ಲೆಂಡನ್ನ ಗೆದ್ದಮೇಲೆ ಬಂದದ್ದು," ಎಂದರು. "ಅದಕ್ಕೆ ಮುಂಚಿನ ಮಾತುಗಳೇ ಚಂದ. ಕಿಂಗ್ ಅಂದ್ರೆ ಕುಲದೋನು. ಲಾರ್ಡ್ ಅಂದ್ರೆ ರೊಟ್ಟಿ ಕಾಯೋನು. ಲೇಡಿ ಅಂದ್ರೆ ಹಿಟ್ಟು ನಾದೋಳು. ಒಂದು ಸಂಸಾರದ ಹಾಗಿಲ್ವಾ?"

"ರೊಟ್ಟಿ ಕಾಯಾಂವ ಕೈಯಾಗ ಏನ್ ಹಿಡಕೊಂಡು ಕಾಯತಿದ್ನಂತ?" ಎಂದೆ. "ಅದನ್ನ ನಿಮ್ಮ ಪ್ರೊಫೆಸರು ಹೇಳ್ಯಾರೇನು?"

"ನಿಮ್ಮದೊಳ್ಳೆ ಕತೆ. ಡಿಕ್ಷನರಿ ಜೊತೆಗೂ ಜಗಳ ಆಡ್ತೀರಲ್ಲ."

"ಅವರು ಪಂಚಾಂಗದ ಕೂಡಾನೂ ಜಗಳಾಡತಾರ್ರಿ," ಎಂದಳು ನನ್ನ ಹೆಂಡತಿ ಒಲೆಯ ಬಳಿಯಿಂದ. "ನೀವು ಉಣ್ರಿ, ರೊಟ್ಟಿ ಆರತಾವ."

ನಿಘಂಟಿನಲ್ಲಿ ನಾನು ಬೆರಳಿಟ್ಟು ತೋರಿಸಿದ್ದು ಬೇರೊಂದು ಪದವನ್ನು. ಆ ಹಳೆಯ ಇಂಗ್ಲಿಷಿನಲ್ಲಿ ಒಡೆಯ ರೊಟ್ಟಿ ಕಾಯುವವನಾದರೆ ಆಳು ರೊಟ್ಟಿ ತಿನ್ನುವವನು. ಪಂಡಿತ ಗೆಳೆಯರಿಗೆ ಇದು ವಾತ್ಸಲ್ಯವಾಗಿ ಕಂಡಿತು. ನನಗೆ ಕಂಡದ್ದು ನಮ್ಮ ಜೋಳವಾಳಿ. ತನಗೆ ಜೋಳ ಹಾಕಿದ ದಣಿಗಾಗಿ ಆಳು ಕಡಿದಾಡಿ ಸಾಯಬೇಕೆಂಬ ಆ ಕಟ್ಟಳೆಯನ್ನು ನಮ್ಮ ನಾಡಿನ ಶಾಸನಗಳು ಕೊಂಡಾಡುತ್ತವೆ. ನಮ್ಮೂರ ಅಗಸೆಯ ಪಕ್ಕದ ವೀರಗಲ್ಲಿನಲ್ಲಿ ಹೊಟ್ಟೆಗೆ ಬಾಣ ನಟ್ಟ ಮನುಷ್ಯನೊಬ್ಬನಿದ್ದಾನೆ. ಅವನು ತಿಂದದ್ದು ಯಾರ ಜೋಳವೆಂದು ಕಲ್ಲು ಹೇಳುತ್ತದೆ. ಎಂಥ ಜಗಳವೆಂದು ಹೇಳುವುದಿಲ್ಲ.

ಏಟು ತಿಂದ ಮರುದಿನ, ತಲೆಗೆ ಪಟ್ಟಿ ಕಟ್ಟಿಕೊಂಡೇ ಫೋರ್‌ಮನ್ನನ ಎದುರು ನಿಂತೆ. "ನಾನು ನಿನ್ನ ತಂಡದವನಲ್ಲವೋ? ಯಾಕೆ ಸುಮ್ಮನೆ ಕೂತೆ?"

ಅವನು ಹೊಗೆಸೊಪ್ಪು ಉಗುಳಿದ. "ಪ್ರತಿ ಶುಕ್ರವಾರ ನನ್ನ ಕೈಯಾರೆ ಮಾಂಸ ಸುಟ್ಟು ತರ್ತೀನಿ. ನನ್ನ ಜನ ಎಲ್ಲಾ ತಿಂತಾರೆ. ನೀನು ಒಂದು ದಿನ ಮುಟ್ಟಿದ್ದೀಯಾ?"

"ನಾನು ಮಾಂಸ ತಿನ್ನುವುದಿಲ್ಲ."

"ಬ್ರೆಡ್ಡೂ ಇತ್ತಲ್ಲ, ಅಜ್ಜಿ. ಅದನ್ನೂ ಬಿಟ್ಟೆ." ಯಾರ್ಡಿನಲ್ಲಿ ನನಗೆ ಅವನಿಟ್ಟ ಹೆಸರದು, ಮಾಂಸ ಕಂಡರೆ ಹೆದರುವ ಅಜ್ಜಿ. "ನನ್ನ ಜೊತೆ ತಿನ್ನದೋನು ನನ್ನವನಲ್ಲ. ಅದು ಆ ವೆಲ್ಡರನಿಗೂ ಗೊತ್ತು. ಅದಕ್ಕೇ ಹೊಡೆದ."

ಲಿಂಗಾಯತರ ಮನೆಯ ಮಡಿಯನ್ನು ಪಾಲಿಸುತ್ತಿದ್ದೇನೆಂದು ನಾನು ತಿಳಿದಿದ್ದೆ. ಒಡೆಯನೊಬ್ಬನನ್ನು ಎಲ್ಲರೆದುರು ನಿರಾಕರಿಸುತ್ತಿದ್ದೇನೆಂದು ಯಾರ್ಡು ತಿಳಿದಿತ್ತು.

ಅದೇ ಸಂಜೆ ಫೋರ್‌ಮನ್ ನಮ್ಮ ಬಾಗಿಲಿಗೆ ಬಂದ. ಹೊಡೆದಾಟದಲ್ಲಿ ಬಿದ್ದುಹೋಗಿದ್ದ ನನ್ನ ಬುತ್ತಿಯ ಡಬ್ಬಿ ಅವನ ಕೈಯಲ್ಲಿತ್ತು, ಮುಚ್ಚಳ ನೆಗ್ಗಿತ್ತು. ಹೊತ್ತು ಮುಳುಗುವಾಗ ಬಂದವರನ್ನು ಉಣ್ಣದೆ ಕಳಿಸುವುದು ನನ್ನ ಹೆಂಡತಿಗೆ ಗೊತ್ತಿಲ್ಲದ ವಿದ್ಯೆ. ಅವಳು ಕುರ್ಚಿ ಎಳೆದಳು, ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಇಟ್ಟಳು. ನಾನು ತಡೆಯುವಷ್ಟರಲ್ಲಿ ಅವನು ಮುರಿದು ಬಾಯಿಗಿಟ್ಟಿದ್ದ.

"ಇದು ಯಾವ ಕಾಳು?"

ಹೇಳಿದೆ. ಟೆಕ್ಸಸ್ಸಿನಲ್ಲಿ ಜೋಳವನ್ನು ಮೈಲೋ ಎನ್ನುತ್ತಾರೆ, ದನಗಳಿಗೆ ಹಾಕುತ್ತಾರೆ. ಮೇವಿನಂಗಡಿಯಿಂದ ಚೀಲ ತಂದು ತೊಳೆದು, ಒಣಗಿಸಿ, ಕಾಫಿಬೀಜದ ಯಂತ್ರದಲ್ಲಿ ಅವಳು ಹಿಟ್ಟು ಮಾಡುತ್ತಿದ್ದಳು.

"ನನ್ನ ಹಸುಗಳ ಊಟ," ಎಂದು ಅವನು ನಕ್ಕು, ಇನ್ನೊಂದು ಕೇಳಿ ಹಾಕಿಸಿಕೊಂಡ. ತಟ್ಟೆ ಬರಿದಾದ ಮೇಲೆ ಅವನ ಮುಖದಲ್ಲಿ ನಗು ಇರಲಿಲ್ಲ. "ಸರಿ. ನಿನ್ನ ಮನೆಯಲ್ಲಿ ತಿಂದಾಯ್ತು. ನಾಳೆ ಬೆಳಿಗ್ಗೆ ಅವನ ದವಡೆ ಮುರೀತೀನಿ."

"ಬೇಡ."

"ನಿನ್ನನ್ನ ಕೇಳ್ತಾ ಇಲ್ಲ."

ಅವನು ಹೋದ ಮೇಲೆ ಹೆಂಡತಿ ಕೇಳಿದಳು: "ಏನಂದ್ರಿ ಅವ್ರು?" ಹೇಳಿದೆ. ಅವಳು ತಟ್ಟೆ ಎತ್ತದೆ ನಿಂತಳು. "ಎರಡು ರೊಟ್ಟಿ ಹಾಕಿದ್ದಕ್ಕ ಒಬ್ಬಾಂವನ ದವಡೀ ಮುರೀತಾರೇನ್ರಿ? ಆ ಪಾಪ ನಮ್ಮ ಮನಿಗೆ ಹತ್ತಂಗಿಲ್ಲೇನು?"

ಹೊಡೆದವನ ಮೇಲೆ ನನಗೆ ಕರುಣೆ ಇರಲಿಲ್ಲ. ಕಿವಿ ಇನ್ನೂ ಗುಂಯ್ಗುಡುತ್ತಿತ್ತು. ಆದರೆ ಅವಳ ಒಲೆಯ ರೊಟ್ಟಿಯ ಹೆಸರಿನಲ್ಲಿ ರಕ್ತ ಬೀಳಬಾರದೆಂಬುದು ನನಗೆ ಹಟವಾಯಿತು.

ಬೆಳಿಗ್ಗೆ ಗೇಟಿನೊಳಗೆ ಎರಡು ತಂಡಗಳೂ ಎದುರುಬದುರಾಗಿ ನಿಂತಿದ್ದವು. ಫೋರ್‌ಮನ್ನನ ಮುಷ್ಟಿಗೆ ಕ್ರೇನಿನ ಸರಪಳಿ ಸುತ್ತಿತ್ತು. ಹೊಡೆದವನ ಕೈಯಲ್ಲಿ ಅದೇ ರೆಂಚು. ನಾನು ನಡುವೆ ಹೋಗಿ ನಿಂತೆ.

"ಅಜ್ಜಿ, ಪಕ್ಕಕ್ಕೆ ಸರಿ. ನಿನ್ನ ಪರವಾಗೇ ಬಂದಿದ್ದೀನಿ."

"ನಿನ್ನ ಕಟ್ಟಳೆಯ ಪ್ರಕಾರ ತಿಂದವನು ಯಾರವನು?" ಎಂದೆ.

"ಹಾಕಿದೋನವನು."

"ನಿನ್ನೆ ತಿಂದವರು ಯಾರು? ಹಾಕಿದವರು ಯಾರು?"

ಅವನ ತಂಡದಲ್ಲೊಬ್ಬ ಕಿಸಕ್ಕನೆ ನಕ್ಕ. ಫೋರ್‌ಮನ್ನನ ಕುತ್ತಿಗೆ ಕೆಂಪಗಾಯಿತು. ಸರಪಳಿ ಎತ್ತಿದ. ಅದು ನನ್ನ ತಲೆಗೇ ಬರುವುದೆಂದು ಕಣ್ಣು ಮುಚ್ಚಿದೆ. ಅದು ಹೊಡೆದವನ ಟ್ರಕ್ಕಿನ ಗಾಜಿನ ಮೇಲೆ ಬಿತ್ತು. ಚೂರುಗಳು ನನ್ನ ಹೆಗಲ ಮೇಲೆ ಸಿಡಿದವು.

"ಹೇಳು," ಎಂದ ಫೋರ್‌ಮನ್ ನನ್ನತ್ತ ತಿರುಗಿ. "ಏನು ಮಾಡಬೇಕು?"

"ಏನೂ ಮಾಡಬೇಡ."

ಆ ಮಾತು ಮುಗಿಯುವಷ್ಟರಲ್ಲಿ, ಗಾಜು ಕಳೆದುಕೊಂಡವನು ಮುನ್ನುಗ್ಗಿ ರೆಂಚಿನಿಂದ ನನ್ನ ಬಲ ಮೊಣಕೈಗೆ ಹೊಡೆದ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಮಂಡಿಯೂರಿದೆ. ತಂಡ ಒಂದು ಹೆಜ್ಜೆ ಮುಂದಿಟ್ಟು ನಿಂತಿತು. ಎಲ್ಲರೂ ನೋಡುತ್ತಿದ್ದದ್ದು ನನ್ನನ್ನು. ನಾನು ಹೂಂ ಎಂದು ತಲೆಯಾಡಿಸಿದರೆ ಸಾಕು, ಹೊಡೆದವನು ಅಲ್ಲಿಯೇ ಸಾಯುತ್ತಿದ್ದ. ತಲೆಯಾಡಿಸಬೇಕೆಂಬ ಆಸೆ ನೋವಿಗಿಂತ ಜೋರಾಗಿತ್ತು. ಕುತ್ತಿಗೆಯನ್ನು ಬಿಗಿಹಿಡಿದೆ. ಹೊಡೆದವನು ಸುತ್ತ ನೋಡಿ, ರೆಂಚು ಬಿಸಾಡಿ, ಗಾಜಿಲ್ಲದ ಟ್ರಕ್ಕು ಹತ್ತಿ ಹೋದ.

ಈಗ ಟೆಕ್ಸಸ್ಸಿನದೇ ಅಲೆನ್ ಎಂಬ ಊರಿನಲ್ಲಿ, ನನ್ನ ಮಗನ ಮನೆಯಲ್ಲಿ ಕುಳಿತು ಬರೆಯುವಾಗಲೂ ಆ ಮೊಣಕೈ ಪೂರ್ತಿ ಮಡಚುವುದಿಲ್ಲ. ಮೈಸೂರಿನ ಗೆಳೆಯರು ಕೊನೆಯವರೆಗೂ ಸಂಸಾರದ ಮಾತನ್ನು ಬಿಡಲಿಲ್ಲ; ನಾನೂ ಒಪ್ಪಲಿಲ್ಲ. ರೊಟ್ಟಿ ಕಾಯುವವನೆಂದರೆ ಏನೆಂಬುದು ಅಂದು ಮಂಡಿಯೂರಿದ್ದಷ್ಟು ಹೊತ್ತು ನನಗೆ ತಿಳಿದಿತ್ತು. ಅದರಲ್ಲಿ ಮುದ್ದಾದದ್ದೇನೂ ಇರಲಿಲ್ಲ.

ಆ ಹೊಡೆದಾಟದ ಮುಂದಿನ ಶುಕ್ರವಾರ ಫೋರ್‌ಮನ್ ಮಾಂಸದಿಂದ ದೂರ, ಬೇರೊಂದು ಕಾಗದದ ಮೇಲೆ ಬ್ರೆಡ್ಡಿಟ್ಟು ನನ್ನೆಡೆಗೆ ಸರಿಸಿದ. ಬಲಗೈ ಪ್ಲಾಸ್ಟರಿನಲ್ಲಿತ್ತು; ನಾನು ಎಡಗೈಯಿಂದ ನನ್ನ ನೆಗ್ಗಿದ ಡಬ್ಬಿಯನ್ನು ತೆರೆದೆ. ಅವನು ಬ್ರೆಡ್ಡನ್ನು ಹಿಂದಕ್ಕೆ ಎಳೆದುಕೊಂಡು ತಾನೇ ತಿಂದ. ನನ್ನ ಡಬ್ಬಿಯ ಕಡೆ ಕೈ ಚಾಚಲಿಲ್ಲ. ನಾನೂ ಕೊಡಲಿಲ್ಲ.